ಹಡಗಿನಲ್ಲಿ ರಾತ್ರಿ ಹನ್ನೊಂದಕ್ಕೆ ಹಸಿವಾದರೆ?

ಪ್ರಶ್ನೆ: ಮುಂದಿನ ತಿಂಗಳು ಸಿಂಗಾಪುರದಿಂದ 4 ರಾತ್ರಿಯ ಕ್ರೂಸ್‌ಗೆ ಹೊರಟಿದ್ದೇವೆ. ರಾಯಲ್ ಕೆರಿಬಿಯನ್ ಹಡಗು. ಪೆನಾಂಗ್, ಫುಕೆಟ್ ನೋಡಿಕೊಂಡು ವಾಪಸ್. ಜೊತೆಯಲ್ಲಿ ಅಪ್ಪ, ಅಮ್ಮ ಮತ್ತು ಹತ್ತು ವರ್ಷದ ಮಗ ಇರುತ್ತಾರೆ. ಎಲ್ಲರೂ ಸಸ್ಯಾಹಾರಿಗಳು. ಅಪ್ಪ ಅಮ್ಮ ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಅಪ್ಪನಿಗೆ ಸಕ್ಕರೆ ಕಾಯಿಲೆ. ಬೆಳಿಗ್ಗೆ ಐದಕ್ಕೇ ಎದ್ದು ಕಾಫಿ ಜೊತೆ ಏನಾದರೂ ಬಾಯಿಗೆ ಹಾಕಿಕೊಳ್ಳುವ ಅಭ್ಯಾಸ. ಊಟದ ಸಮಯ ಮುಗಿದ ಮೇಲೆ ಹಡಗಿನಲ್ಲಿ ಏನು ಸಿಗುತ್ತದೆ? ಅದಕ್ಕೆ ಬೇರೆ ದುಡ್ಡು ಕೊಡಬೇಕಾ? ಅವಲಕ್ಕಿ, ಚಕ್ಕುಲಿ, ಒಂದು ಕೆಟಲ್ ತಗೊಂಡು ಹೋಗಬಹುದಾ?
(ಹಾಸನದ ಓದುಗರೊಬ್ಬರು)

ಉತ್ತರ: ಹಸಿದುಕೊಂಡು ಮಲಗುವ ಪ್ರಮೇಯವಂತೂ ಬರುವುದಿಲ್ಲ. ಆದರೆ ಟಿಕೆಟ್ ಮಾರುವವರು ಹೇಳುವ ‘24 ಗಂಟೆ ಊಟ’ ಅನ್ನುವ ಮಾತನ್ನು ಹಾಗೇ ನಂಬಿಕೊಂಡು ಹೋಗಬೇಡಿ. ಬಿಸಿ ಅನ್ನ, ದಾಲ್, ರೊಟ್ಟಿ, ಪಲ್ಯ ಇದೆಲ್ಲ ಸಿಗುವುದು ಊಟದ ಹೊತ್ತಿನಲ್ಲಿ ಮಾತ್ರ. ಉಳಿದ ಹೊತ್ತಿನಲ್ಲಿ ಪಿಜ್ಜಾ, ಸ್ಯಾಂಡ್‌ವಿಚ್, ಕುಕೀಸ್, ಕೇಕು, ಹಣ್ಣು. ಮೊಟ್ಟೆ ತಿನ್ನದವರಿಗೆ ಈ ಪಟ್ಟಿಯಲ್ಲೂ ಅರ್ಧ ಹೋಯಿತು. ಹಾಗಾಗಿ ರಾತ್ರಿ ಯಾವ ಕೌಂಟರ್ ತೆರೆದಿರುತ್ತದೆ ಅನ್ನುವುದಕ್ಕಿಂತ, ತೆರೆದಿರುವ ಕೌಂಟರಿನಲ್ಲಿ ನಿಮ್ಮ ಮನೆಯವರು ತಿನ್ನುವಂಥದ್ದು ಏನಿದೆ ಅಂತ ನೋಡಬೇಕು. ನಾನು ಕ್ರೂಸ್ ಹಡಗುಗಳ ಅಡುಗೆ-ಬಡಿಸುವ ವಿಭಾಗದಲ್ಲಿ ಕೆಲಸ ಮಾಡಿದವನು. ಈಗ ಮಂಗಳೂರಿನಲ್ಲಿ ಕೂತು ಜನರ ಪ್ರವಾಸ ಹೊಂದಿಸಿ ಕೊಡುತ್ತೇನೆ. ನಮ್ಮ ಕಡೆಯ ಹಿರಿಯರು ಹಡಗಿನಲ್ಲಿ ಪೇಚಾಡುವುದು ಬಹುಪಾಲು ಈ ಒಂದು ವಿಷಯಕ್ಕೇ.

ಮೊದಲು ಗಡಿಯಾರದ ಮಾತು. ಇದನ್ನು ಯಾರೂ ಹೇಳುವುದಿಲ್ಲ. ಸಿಂಗಾಪುರದ ಸಮಯ ನಮಗಿಂತ ಎರಡೂವರೆ ಗಂಟೆ ಮುಂದೆ. ಹಡಗಿನಲ್ಲಿ ರಾತ್ರಿ ಊಟದ ಮೊದಲ ಸರದಿ ಸಾಮಾನ್ಯವಾಗಿ ಸಂಜೆ ಐದೂವರೆ ಆಸುಪಾಸಿಗೆ. ಅಂದರೆ ಹಾಸನದಲ್ಲಿ ಮಧ್ಯಾಹ್ನ ಮೂರು! ಆ ಹೊತ್ತಿಗೆ ಯಾರಿಗೆ ಹಸಿವಾಗುತ್ತದೆ ಹೇಳಿ? ನಿಮ್ಮ ಅಪ್ಪ ಅಮ್ಮ ಮನೆಯಲ್ಲಿ ಎಂಟೂವರೆಗೆ ಊಟ ಮಾಡುವವರಾದರೆ, ಹಡಗಿನ ಗಡಿಯಾರದಲ್ಲಿ ಅದು ರಾತ್ರಿ ಹನ್ನೊಂದು. ಬಫೆ ಮುಚ್ಚಿ ಒಂದೂವರೆ ಗಂಟೆ ಆಗಿರುತ್ತದೆ. 4 ರಾತ್ರಿಯ ಪ್ರವಾಸದಲ್ಲಿ ದೇಹ ಹೊಸ ಸಮಯಕ್ಕೆ ಒಗ್ಗುವಷ್ಟರಲ್ಲಿ ಪ್ರವಾಸವೇ ಮುಗಿದಿರುತ್ತದೆ. ಅದಕ್ಕೇ ನನ್ನ ಸಲಹೆ: ಬುಕಿಂಗ್‌ನಲ್ಲಿ ಮೊದಲ ಸರದಿ ಕೊಟ್ಟಿದ್ದರೆ ಈಗಲೇ ಎರಡನೆಯದಕ್ಕೆ ಬದಲಾಯಿಸಿಕೊಳ್ಳಿ. ಮದುವೆ ಮನೆಯಲ್ಲಿ ಎರಡನೇ ಪಂಕ್ತಿಗೆ ಕೂರುವ ಹಾಗೆ. ಅದು ಏಳೂವರೆ, ಎಂಟರ ಹೊತ್ತಿಗೆ ಶುರುವಾಗುತ್ತದೆ. ಊಟ ಮುಗಿಯುವಾಗ ಒಂಬತ್ತೂವರೆ. ಆಮೇಲೆ ಒಂದು ಲೋಟ ಹಾಲು, ಒಂದು ಬಾಳೆಹಣ್ಣು ಸಾಕಾಗುತ್ತದೆ.

ಇದರ ಇನ್ನೊಂದು ಮಗ್ಗುಲೂ ಇದೆ. ಅಪ್ಪ ಮನೆಯಲ್ಲಿ ಐದಕ್ಕೆ ಏಳುತ್ತಾರೆ ಅಂದರೆ ಹಡಗಿನಲ್ಲಿ ಅದು ಏಳೂವರೆ. ಬಫೆ ಆಗಲೇ ತೆರೆದಿರುತ್ತದೆ. ಅಂದರೆ ನಿಮಗೆ ಭಯ ಇರುವುದು ಬೆಳಗಿನ ಜಾವದ್ದು, ನಿಜವಾದ ತೊಂದರೆ ಬರುವುದು ರಾತ್ರಿ. ಸಕ್ಕರೆ ಕಾಯಿಲೆಯ ಮಾತ್ರೆ ಅಥವಾ ಇನ್ಸುಲಿನ್ ಯಾವ ಗಡಿಯಾರದ ಪ್ರಕಾರ ತೆಗೆದುಕೊಳ್ಳಬೇಕು ಅಂತ ಹೊರಡುವ ಮೊದಲೇ ನಿಮ್ಮ ಡಾಕ್ಟರನ್ನು ಕೇಳಿ ಬರೆಸಿಕೊಳ್ಳಿ. ಅದನ್ನು ನಾನು ಹೇಳುವುದು ಸರಿಯಲ್ಲ.

ಈಗ ನಿಮ್ಮ ಹಡಗಿನಲ್ಲಿ ಯಾವುದು ಯಾವಾಗ ತೆರೆದಿರುತ್ತದೆ ಅಂತ ನೋಡೋಣ. ರಾಯಲ್ ಕೆರಿಬಿಯನ್ ಹಡಗುಗಳ ಬಫೆಗೆ ವಿಂಡ್‌ಜ್ಯಾಮರ್ ಅಂತ ಹೆಸರು. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಮೂರು ಹೊತ್ತು ತೆರೆಯುತ್ತದೆ, ನಡುವೆ ಮುಚ್ಚುತ್ತದೆ. ಮಧ್ಯಾಹ್ನ ಸುಮಾರು ಮೂರು, ಮೂರೂವರೆಯಿಂದ ಸಂಜೆ ಐದೂವರೆ ಆರರ ತನಕ ಒಂದು ಖಾಲಿ ಹೊತ್ತು. ರಾತ್ರಿ ಒಂಬತ್ತು, ಒಂಬತ್ತೂವರೆ ನಂತರ ಬೆಳಗಿನ ತನಕ ಇನ್ನೊಂದು. ಈ ಖಾಲಿ ಹೊತ್ತನ್ನು ತುಂಬುವುದು ಎರಡು ಜಾಗ. ಒಂದು ಸೊರೆಂಟೋಸ್ ಅನ್ನುವ ಪಿಜ್ಜಾ ಕೌಂಟರ್. ಮಧ್ಯಾಹ್ನದ ಹೊತ್ತಿಗೆ ಶುರುವಾದರೆ ಮಧ್ಯರಾತ್ರಿ ದಾಟಿದ ಮೇಲೂ ನಡೆಯುತ್ತದೆ. ಇನ್ನೊಂದು ಕೆಫೆ ಪ್ರಾಮನೇಡ್. ಅಲ್ಲಿ ಸಣ್ಣ ಸ್ಯಾಂಡ್‌ವಿಚ್, ಕುಕೀಸ್, ಕೇಕು, ಮಾಮೂಲಿ ಕಾಫಿ-ಟೀ ಇರುತ್ತದೆ. ತಡರಾತ್ರಿಯ ತನಕ, ಕೆಲವು ಹಡಗುಗಳಲ್ಲಿ ಇಡೀ ರಾತ್ರಿ ತೆರೆದಿರುತ್ತದೆ. ಇವೆರಡಕ್ಕೂ ಬೇರೆ ದುಡ್ಡಿಲ್ಲ. ಕ್ಯಾಪುಚಿನೋ, ಲಾಟೆ ಥರದ ಕಾಫಿಗೆ ಮಾತ್ರ ದುಡ್ಡು. ಎಷ್ಟು ಗಂಟೆಗೆ ಯಾವುದು ಅನ್ನುವುದು ಹಡಗಿನಿಂದ ಹಡಗಿಗೆ, ದಿನದಿಂದ ದಿನಕ್ಕೆ ಬದಲಾಗುತ್ತದೆ. ಹತ್ತಿದ ಕೂಡಲೇ ಕಂಪನಿಯ ಆ್ಯಪ್‌ನಲ್ಲಿ ಆ ದಿನದ ಸಮಯ ನೋಡಿಕೊಳ್ಳಿ. ಆ್ಯಪ್ ಹಡಗಿನ ವೈಫೈನಲ್ಲಿ ಇಂಟರ್ನೆಟ್ ಪ್ಯಾಕ್ ಇಲ್ಲದೆಯೂ ಕೆಲಸ ಮಾಡುತ್ತದೆ. ಬೆಂಗಳೂರಿನಲ್ಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ.

ನಿಮ್ಮ ಮಗನ ವಿಷಯದಲ್ಲಿ ಚಿಂತೆ ಬೇಡ. ಪಿಜ್ಜಾ ಇದೆ, ಈಜುಕೊಳದ ಪಕ್ಕ ಐಸ್‌ಕ್ರೀಂ ಮೆಷಿನ್ ಇರುತ್ತದೆ. ಅವನು ಊಟದ ಹಾಲ್ ಕಡೆ ತಲೆ ಹಾಕದೇ ಇದ್ದರೆ ಆಶ್ಚರ್ಯಪಡಬೇಡಿ.

ಅಪ್ಪ ಅಮ್ಮನ ವಿಷಯಕ್ಕೆ ಸ್ವಲ್ಪ ನಿಧಾನವಾಗಿ ಬರೋಣ. ಕುಕೀಸ್, ಮಫಿನ್, ಕೇಕು ಎಲ್ಲದರಲ್ಲೂ ಮೊಟ್ಟೆ ಇರುತ್ತದೆ ಅಂತಲೇ ತಿಳಿದುಕೊಳ್ಳಿ. ಕ್ರೋಸಾನ್ ಮೇಲೆ ಆ ಹೊಳಪು ಬರುವುದು ಮೊಟ್ಟೆ ಸವರುವುದರಿಂದ. ಬಣ್ಣಬಣ್ಣದ ಜೆಲ್ಲಿ, ಮೂಸ್ ಇವುಗಳಲ್ಲಿ ಜೆಲಟಿನ್ ಇರುತ್ತದೆ, ಅದು ಪ್ರಾಣಿಯ ಮೂಳೆ-ಚರ್ಮದಿಂದ ಬರುವಂಥದ್ದು. ಸ್ಯಾಂಡ್‌ವಿಚ್‌ಗಳಲ್ಲಿ ಹ್ಯಾಮ್, ಟರ್ಕಿ, ಟ್ಯೂನಾ ಜಾಸ್ತಿ. ತರಕಾರಿಯದ್ದೂ ಒಂದು ಇರುತ್ತದೆ, ಆದರೆ ರಾತ್ರಿ ಹನ್ನೊಂದಕ್ಕೆ ಹೋದರೆ ಅದೇ ಮೊದಲು ಖಾಲಿಯಾಗಿರುತ್ತದೆ. ಪಿಜ್ಜಾದಲ್ಲಿ ಚೀಸ್ ಮಾತ್ರ ಇರುವ ಮಾರ್ಗರೀಟಾ ಯಾವಾಗಲೂ ಸಿಗುತ್ತದೆ. ಆದರೆ ಪೆಪ್ಪರೋನಿ ಪಿಜ್ಜಾ ಕತ್ತರಿಸಿದ ಚಕ್ರದಲ್ಲೇ ಅದನ್ನೂ ಕತ್ತರಿಸುತ್ತಾರೆ. ಅದು ನಿಮ್ಮ ಅಮ್ಮನಿಗೆ ಆಗುವುದಿಲ್ಲ ಅಂದರೆ, ಹೊಸದಾಗಿ ಒಂದು ಮಾಡಿ ಬೇರೆ ಚಾಕುವಿನಲ್ಲಿ ಕತ್ತರಿಸಿ ಕೊಡಿ ಅಂತ ಕೇಳಿ. ಹತ್ತು ನಿಮಿಷ ಕಾಯಬೇಕಾಗುತ್ತದೆ, ಆದರೆ ಮಾಡಿ ಕೊಡುತ್ತಾರೆ. ಕೌಂಟರಿನ ಹಿಂದೆ ನಿಂತಿರುವ ಹುಡುಗ ಗೋವಾದವನೋ ನಮ್ಮ ಕರಾವಳಿಯವನೋ ಆಗಿರುವ ಸಾಧ್ಯತೆಯೂ ಇದೆ. ಎದೆಯ ಮೇಲಿನ ಪಟ್ಟಿಯಲ್ಲಿ ಹೆಸರಿನ ಕೆಳಗೆ ದೇಶದ ಹೆಸರು ಬರೆದಿರುತ್ತದೆ. ನೋಡಿ ಮಾತಾಡಿಸಿ. ಕೆಲಸ ಸಲೀಸಾಗುತ್ತದೆ.

ಇಷ್ಟು ದೊಡ್ಡ ಹಡಗು, ಇಷ್ಟೊಂದು ಜನ ಕೆಲಸಗಾರರು, ಬಫೆಯನ್ನು ಇಡೀ ದಿನ ತೆರೆದಿಡೋಕೆ ಏನು ಕಷ್ಟ ಅಂತ ಅನಿಸಬಹುದು. ಒಂಬತ್ತೂವರೆಗೆ ಬಾಗಿಲು ಹಾಕಿದ ಮೇಲೆ ಒಳಗೆ ಏನಾಗುತ್ತದೆ ಅಂತ ಹೇಳುತ್ತೇನೆ. ಒಬ್ಬ ಕೈಯಲ್ಲಿ ಥರ್ಮಾಮೀಟರ್ ಹಿಡಿದು ಸಾಲಿನುದ್ದಕ್ಕೂ ಬರುತ್ತಾನೆ. ಪ್ರತಿ ಟ್ರೇಗೂ ಅದನ್ನು ಚುಚ್ಚಿ, ಅಂಕಿಯನ್ನು ಪುಸ್ತಕದಲ್ಲಿ ಬರೆಯುತ್ತಾನೆ. ಬಿಸಿ ಪದಾರ್ಥ 57 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇಳಿದಿರಬಾರದು, ತಣ್ಣಗಿನದ್ದು 5 ಡಿಗ್ರಿಗಿಂತ ಮೇಲೆ ಹೋಗಿರಬಾರದು. ಬಿಸಿಯೂ ಮಾಡದೆ, ತಣ್ಣಗೂ ಇಡದೆ ಹೊರಗಿಟ್ಟ ಪದಾರ್ಥವಾದರೆ ಅದಕ್ಕೆ 4 ಗಂಟೆಯ ಆಯುಷ್ಯ. ಯಾವಾಗ ಇಟ್ಟದ್ದು, ಯಾವಾಗ ಎಸೆಯಬೇಕು ಅಂತ ಬರೆದಿಟ್ಟಿರುತ್ತಾರೆ. ಸಮಯ ಮುಗಿದರೆ ಎಷ್ಟೇ ಚೆನ್ನಾಗಿದ್ದರೂ ಬಕೆಟ್‌ಗೆ. ನಾನು ಹಡಗಿಗೆ ಹೊಸಬನಾಗಿದ್ದಾಗ ತುಂಬಿದ ಟ್ರೇ ಪಾಯಸ ಹಾಗೆ ಹೋಗುವುದನ್ನು ನೋಡಿ ಹೊಟ್ಟೆ ಉರಿದಿತ್ತು. ಆಮೇಲೆ ಟ್ರೇ ಇಡುವ ತೊಟ್ಟಿಗಳನ್ನು ಬಿಚ್ಚಿ, ಕೆಳಗಿನ ನೀರು ಖಾಲಿ ಮಾಡಿ, ಮೂಲೆಮೂಲೆಯನ್ನು ತೊಳೆದು, ರೋಗಾಣು ಸಾಯಿಸುವ ದ್ರಾವಣ ಹಾಕಿ ಒರೆಸುತ್ತಾರೆ. ಜನ ಕೈ ಹಾಕುವ ಇಕ್ಕಳ, ಸೌಟು ಎಲ್ಲವೂ ಆ ಹೊತ್ತಿಗೆ ಎಷ್ಟೋ ಸಲ ಬದಲಾಗಿರುತ್ತವೆ.

ಇದು ಸುಮ್ನೆ ಶಿಸ್ತಿಗಾಗಿ ಅಲ್ಲ. ನೊರೊವೈರಸ್ ಅನ್ನುವ ವಾಂತಿ-ಭೇದಿ ರೋಗಾಣು ಹಡಗಿನೊಳಗೆ ಹೊಕ್ಕರೆ ಎರಡು ದಿನದಲ್ಲಿ ನೂರಾರು ಜನ ಮಲಗುತ್ತಾರೆ. ಅಮೆರಿಕ ಸರ್ಕಾರದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 1970ರ ದಶಕದಿಂದಲೇ ಅಲ್ಲಿನ ಬಂದರುಗಳಿಗೆ ಬರುವ ಕ್ರೂಸ್ ಹಡಗುಗಳನ್ನು ಹೇಳದೆ ಕೇಳದೆ ಹತ್ತಿ ತಪಾಸಣೆ ಮಾಡುತ್ತದೆ. ನೂರಕ್ಕೆ 85 ಅಥವಾ ಅದಕ್ಕಿಂತ ಕಡಿಮೆ ಬಂದರೆ ಫೇಲ್. ಇಂದು ಸಿಂಗಾಪುರದಲ್ಲಿರುವ ಹಡಗು ಮುಂದಿನ ಬೇಸಿಗೆಯಲ್ಲಿ ಅಲಾಸ್ಕಾಗೆ ಹೋಗಬಹುದು. ಹಾಗಾಗಿ ಸಿಂಗಾಪುರದಲ್ಲಿದ್ದರೂ ಅಭ್ಯಾಸ ಅದೇ.

ಇನ್ನೊಂದು ಕಾರಣ ಕೆಲಸಗಾರರ ವಿಶ್ರಾಂತಿ. 2006ರ ಕಡಲ ಕಾರ್ಮಿಕರ ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ ಹಡಗಿನ ಕೆಲಸಗಾರನಿಗೆ ದಿನಕ್ಕೆ ಕನಿಷ್ಠ 10 ಗಂಟೆ ವಿಶ್ರಾಂತಿ ಸಿಗಬೇಕು. ಅದನ್ನು ಎರಡಕ್ಕಿಂತ ಹೆಚ್ಚು ತುಂಡು ಮಾಡುವಂತಿಲ್ಲ, ಒಂದು ತುಂಡು ಕನಿಷ್ಠ 6 ಗಂಟೆ ಇರಬೇಕು. ಬೆಳಿಗ್ಗೆ ಆರಕ್ಕೆ ಆಮ್ಲೆಟ್ ಮಾಡುವವನು ರಾತ್ರಿ ಹನ್ನೆರಡಕ್ಕೆ ನೂಡಲ್ಸ್ ಮಾಡುವಂತಿಲ್ಲ. ರಾತ್ರಿ ಪಾಳಿಯಲ್ಲಿ ಜೋರಾಗಿ ಕೆಲಸ ಮಾಡುವುದು ಬೇಕರಿಯವರು ಮತ್ತು ತೊಳೆಯುವವರು. ಅವರಿಗಾಗಿ ಸಿಬ್ಬಂದಿಯ ಮೆಸ್‌ನಲ್ಲಿ ರಾತ್ರಿ ಬಿಸಿ ಅನ್ನ, ಸಾರು ಇರುತ್ತದೆ. ಹೌದು, ನೀವು ಮೇಲಿನ ಮಹಡಿಯಲ್ಲಿ ಒಣ ಸ್ಯಾಂಡ್‌ವಿಚ್ ಕಡಿಯುವಾಗ ಕೆಳಗೆ ನಾವು ಅನ್ನ-ಸಾರು ಉಣ್ಣುತ್ತಿದ್ದೆವು. ಪ್ರಯಾಣಿಕರಿಗೆ ಅಲ್ಲಿ ಪ್ರವೇಶವಿಲ್ಲ, ಆಸೆಪಟ್ಟು ಪ್ರಯೋಜನವಿಲ್ಲ.

ಹಿಂದೆ ಹೀಗಿರಲಿಲ್ಲ. ನಿಮ್ಮ ಪರಿಚಯದ ಯಾರಾದರೂ 1980-90ರ ದಶಕದಲ್ಲಿ ಕ್ರೂಸ್ ಮಾಡಿದ್ದರೆ ಮಧ್ಯರಾತ್ರಿ ಬಫೆಯ ಕಥೆ ಹೇಳಿಯಾರು. ಮಂಜುಗಡ್ಡೆಯಲ್ಲಿ ಕೆತ್ತಿದ ಹಂಸ, ಕಲ್ಲಂಗಡಿಯಲ್ಲಿ ಕೆತ್ತಿದ ಮುಖ, ಮೇಜಿನ ಉದ್ದಕ್ಕೂ ಸೀಗಡಿ, ಕೇಕು. ಜನ ಮೊದಲು ಕ್ಯಾಮೆರಾ ಹಿಡಿದು ಸಾಲಿನಲ್ಲಿ ಹೋಗಿ, ಆಮೇಲೆ ತಟ್ಟೆ ಹಿಡಿಯುತ್ತಿದ್ದರು. ಎರಡು ಗಂಟೆಗಳ ಹಿಂದಷ್ಟೇ ಹೊಟ್ಟೆ ತುಂಬ ಉಂಡವರು ಎಷ್ಟು ತಿಂದಾರು? ಬಹುಪಾಲು ಕಸಕ್ಕೆ ಹೋಗುತ್ತಿತ್ತು. ಖರ್ಚು ನೋಡಿ ಕಂಪನಿಗಳು ಒಂದೊಂದಾಗಿ ಅದನ್ನು ನಿಲ್ಲಿಸಿದವು. ಅದರ ಜಾಗಕ್ಕೆ ಬಂದದ್ದೇ ಈಗಿನ ಪಿಜ್ಜಾ ಕೌಂಟರ್, ರಾತ್ರಿ ಕೆಫೆ. ನನ್ನನ್ನು ಕೇಳಿದರೆ ಒಳ್ಳೆಯದೇ ಆಯಿತು. ಕೇಳಿದಾಗ ಬಿಸಿಯಾಗಿ ಮಾಡಿಕೊಡುವ ಒಂದು ಪಿಜ್ಜಾ, ಗಂಟೆಗಟ್ಟಲೆ ಕೂತ ನೂರು ಬಗೆಗಿಂತ ವಾಸಿ. ಇನ್ನೂ ಹಿಂದೆ ಹೋದರೆ, 1912ರಲ್ಲಿ ಟೈಟಾನಿಕ್‌ನ ಮೂರನೇ ದರ್ಜೆಯವರಿಗೆ ರಾತ್ರಿ ಸಿಗುತ್ತಿದ್ದದ್ದು ಗಂಜಿ, ಬಿಸ್ಕತ್ತು, ಚೀಸ್. ಗಂಜಿ! ನಿಮ್ಮ ಅಪ್ಪನಿಗೆ ಇವತ್ತಿನ ಹಡಗಿಗಿಂತ ಅದೇ ಒಗ್ಗುತ್ತಿತ್ತೇನೋ.

ದುಡ್ಡಿನ ಪ್ರಶ್ನೆಗೆ ಬರೋಣ. ಮುಖ್ಯ ಊಟದ ಹಾಲ್, ಬಫೆ, ಪಿಜ್ಜಾ ಕೌಂಟರ್, ಕೆಫೆಯ ತಿಂಡಿ ಎಲ್ಲವೂ ಟಿಕೆಟ್ಟಿನಲ್ಲೇ ಸೇರಿದೆ. ಎಷ್ಟು ಸಲ ಹೋದರೂ ಯಾರೂ ಕೇಳುವುದಿಲ್ಲ. ದುಡ್ಡು ಬೀಳುವುದು ರೂಮ್ ಸರ್ವಿಸ್‌ಗೆ. ಮೊದಲು ಇದು ಬಹುತೇಕ ಎಲ್ಲ ಕಂಪನಿಗಳಲ್ಲೂ ಉಚಿತವಾಗಿತ್ತು. ರಾಯಲ್ ಕೆರಿಬಿಯನ್ 2017ರಲ್ಲಿ ಒಂದು ಆರ್ಡರ್‌ಗೆ 7.95 ಡಾಲರ್ ಹಾಕಲು ಶುರುಮಾಡಿತು, ಅದರ ಮೇಲೆ ಟಿಪ್ಸ್ ಬೇರೆ. ಈ ದರ ಆಗಾಗ ಬದಲಾಗುತ್ತದೆ, ಹತ್ತುವ ಮುಂಚೆ ಆ್ಯಪ್‌ನಲ್ಲಿ ನೋಡಿಕೊಳ್ಳಿ. ಇಲ್ಲಿ ಒಂದು ಲೆಕ್ಕ ಇದೆ: ದುಡ್ಡು ಆರ್ಡರ್‌ಗೆ, ಪದಾರ್ಥಕ್ಕಲ್ಲ. ಒಬ್ಬರಿಗೆ ಒಂದು ಸೂಪ್ ತರಿಸಿದರೂ ಅಷ್ಟೇ, ನಾಲ್ಕು ಜನರಿಗೆ ನಾಲ್ಕು ಬಗೆ ತರಿಸಿದರೂ ಅಷ್ಟೇ. ತರಿಸುವುದಾದರೆ ಒಟ್ಟಿಗೇ ತರಿಸಿ. ಬೆಳಗಿನ ಸರಳ ತಿಂಡಿ, ಅಂದರೆ ಬ್ರೆಡ್, ಸೀರಿಯಲ್, ಹಾಲು, ಹಣ್ಣು, ಮೊಸರು, ಕಾಫಿ, ಇದಕ್ಕೆ ಮಾತ್ರ ಈ ಶುಲ್ಕ ಇಲ್ಲ. ಕೋಣೆಯ ಚಿಕ್ಕ ಫ್ರಿಜ್‌ನಲ್ಲಿ ಜೋಡಿಸಿಟ್ಟ ಚಾಕೊಲೇಟ್, ಕೋಲಾ ಕಂಡರೆ ಮಗನಿಗೆ ಮೊದಲೇ ಹೇಳಿಡಿ, ಅವು ಪುಕ್ಕಟೆ ಅಲ್ಲ. ಹತ್ತಿದ ದಿನವೇ ಕೋಣೆ ನೋಡಿಕೊಳ್ಳುವವರಿಗೆ ಹೇಳಿದರೆ ಅವನ್ನು ತೆಗೆದುಕೊಂಡು ಹೋಗುತ್ತಾರೆ, ನಿಮಗೆ ಜಾಗವೂ ಆಗುತ್ತದೆ.

ಆ ಉಚಿತ ಬೆಳಗಿನ ತಿಂಡಿಯೇ ನಿಮ್ಮ ಅಪ್ಪನ ಸಮಸ್ಯೆಗೆ ಸರಿಯಾದ ಮದ್ದು. ರಾತ್ರಿ ಮಲಗುವ ಮುಂಚೆ ಆರ್ಡರ್ ಮಾಡಿಡಬೇಕು. ಕೆಲವು ಹಡಗುಗಳಲ್ಲಿ ಬಾಗಿಲಿನ ಹಿಡಿಗೆ ನೇತುಹಾಕುವ ಒಂದು ಉದ್ದನೆಯ ಕಾರ್ಡ್ ಇರುತ್ತದೆ. ಎಷ್ಟು ಜನ, ಯಾವ ಅರ್ಧ ಗಂಟೆಯೊಳಗೆ ಬೇಕು, ಏನೇನು ಬೇಕು ಅಂತ ಗುರುತು ಹಾಕಿ ಹೊರಗಡೆ ತೂಗುಹಾಕಿದರೆ ಮಧ್ಯರಾತ್ರಿಯ ನಂತರ ಒಬ್ಬ ಬಂದು ಎಲ್ಲ ಬಾಗಿಲುಗಳಿಂದಲೂ ಕಿತ್ತುಕೊಂಡು ಹೋಗುತ್ತಾನೆ. ಈಗ ಎಷ್ಟೋ ಕಡೆ ಅದೇ ಕೆಲಸ ಟಿವಿ ಅಥವಾ ಆ್ಯಪ್‌ನಲ್ಲಿ ಆಗುತ್ತದೆ. ಎಲ್ಲಕ್ಕಿಂತ ಮುಂಚಿನ ಅರ್ಧ ಗಂಟೆಗೆ ಗುರುತು ಹಾಕಿ. ಬಿಸಿ ಹಾಲು, ಕಾರ್ನ್‌ಫ್ಲೇಕ್ಸ್ ಅಥವಾ ಓಟ್ಸ್ ಇದ್ದರೆ ಓಟ್ಸ್, ಟೋಸ್ಟ್, ಒಂದು ಇಡೀ ಹಣ್ಣು, ಸಕ್ಕರೆ ಹಾಕದ ಮೊಸರು. ಕಾಫಿ ಬಗ್ಗೆ ಜಾಸ್ತಿ ಆಸೆ ಇಟ್ಟುಕೊಳ್ಳಬೇಡಿ. ಹಾಸನದವರಿಗೆ ಹಡಗಿನ ಕಾಫಿ ಕುಡಿಸಿ ಒಳ್ಳೆಯ ಮಾತು ಕೇಳಿದ ನೆನಪು ನನಗಿಲ್ಲ. ಬಿಸಿ ನೀರಿಗೆ ಕದಡುವ ಪುಡಿಯನ್ನೋ, ಸಣ್ಣ ಬಾಟಲಿಯಲ್ಲಿ ಸಿಗುವ ಡಿಕಾಕ್ಷನನ್ನೋ ಮನೆಯಿಂದಲೇ ಒಯ್ಯಿರಿ.

ಅದಕ್ಕೂ ಮುಂಚೆ ಎದ್ದರೆ? ಬಫೆಯ ಊಟದ ಸಾಲು ಮುಚ್ಚಿದ್ದರೂ ಕಾಫಿ, ಟೀ, ಬಿಸಿ ನೀರಿನ ಒಂದು ಮೂಲೆ ಹೆಚ್ಚಿನ ಹಡಗುಗಳಲ್ಲಿ ಇಡೀ ದಿನ ತೆರೆದಿರುತ್ತದೆ. ಮೊದಲ ದಿನವೇ ಅಪ್ಪನನ್ನು ಕರೆದುಕೊಂಡು ಹೋಗಿ ಅದನ್ನು ತೋರಿಸಿಬಿಡಿ. ಯಾವ ಲಿಫ್ಟ್, ಎಷ್ಟನೇ ಮಹಡಿ, ಎಡಕ್ಕೋ ಬಲಕ್ಕೋ. ಈ ಹಡಗುಗಳ ಮೊಗಸಾಲೆಗಳು ಎಲ್ಲಾ ಒಂದೇ ಥರ ಕಾಣುತ್ತವೆ. ಬೆಳಗಿನ ಜಾವ ಒಬ್ಬರೇ ಹೊರಟು ದಾರಿ ತಪ್ಪಿ ಹಡಗಿನ ಇನ್ನೊಂದು ತುದಿ ಮುಟ್ಟಿದ ಹಿರಿಯರು ಬೇಕಾದಷ್ಟು ಜನ.

ಸಕ್ಕರೆ ಇಳಿದುಬಿಟ್ಟರೆ ಏನು ಮಾಡಬೇಕು ಅನ್ನುವುದಕ್ಕೆ ಹಡಗಿನ ಯಾವ ಕೌಂಟರನ್ನೂ ನಂಬಬೇಡಿ. ಗ್ಲೂಕೋಸ್ ಪುಡಿ ಅಥವಾ ಮಾತ್ರೆ ಮಂಚದ ಪಕ್ಕದಲ್ಲೇ ಇರಲಿ. ಕೆಫೆಯಲ್ಲಿ ಸಿಗುವ ಸಕ್ಕರೆಯ ಸಣ್ಣ ಪೊಟ್ಟಣಗಳನ್ನು ನಾಲ್ಕಾರು ಎತ್ತಿಟ್ಟುಕೊಳ್ಳಿ. ಮೂರು ನಾಲ್ಕು ಪೊಟ್ಟಣ ನೀರಿಗೆ ಹಾಕಿದರೆ ಸುಮಾರು 15 ಗ್ರಾಂ ಆಗುತ್ತದೆ, ತುರ್ತಿಗೆ ಸಾಮಾನ್ಯವಾಗಿ ಹೇಳುವ ಪ್ರಮಾಣ ಅದೇ. ಇನ್ಸುಲಿನ್ ಇದ್ದರೆ ಕೋಣೆಯ ಫ್ರಿಜ್ ನೆಚ್ಚಿಕೊಳ್ಳಬೇಡಿ. ಅದು ಪಾನೀಯ ತಣ್ಣಗಿಡುವ ಪೆಟ್ಟಿಗೆ ಅಷ್ಟೆ, ತೆರೆಯದ ಇನ್ಸುಲಿನ್‌ಗೆ ಬೇಕಾದ 2ರಿಂದ 8 ಡಿಗ್ರಿ ಅದರಲ್ಲಿ ಬರುವುದು ಅನುಮಾನ. ಔಷಧಿಗೆಂದೇ ಬೇರೆ ಫ್ರಿಜ್ ಬೇಕು ಅಂತ ಬುಕಿಂಗ್ ಮಾಡಿದವರ ಮೂಲಕ ಮೊದಲೇ ಬರೆಸಿ. ಸೂಜಿ ಹಾಕುವ ಡಬ್ಬಿಯನ್ನೂ ಕೇಳಿ. ಕೊಡುತ್ತಾರೆ.

ಕೋಣೆಯ ಫ್ರಿಜ್ ನೆಚ್ಚಿಕೊಳ್ಳುವಂತಿಲ್ಲ ಅನ್ನುವ ಕಾರಣಕ್ಕೇ ಊಟ ಎತ್ತಿಟ್ಟುಕೊಳ್ಳುವುದರಲ್ಲೂ ಹುಷಾರು. ಬಫೆಯಿಂದ ತಟ್ಟೆಯಲ್ಲಿ ಹಾಕಿಕೊಂಡು ಕೋಣೆಗೆ ಒಯ್ಯುವುದಕ್ಕೆ ಸಾಮಾನ್ಯವಾಗಿ ಯಾರೂ ಬೇಡ ಅನ್ನುವುದಿಲ್ಲ. ಬಾಳೆಹಣ್ಣು, ಸೇಬು, ಬ್ರೆಡ್, ಸಣ್ಣ ಬೆಣ್ಣೆ ಪೊಟ್ಟಣ, ಸೀಲ್ ಇರುವ ಮೊಸರಿನ ಕಪ್ ಒಯ್ದಿಟ್ಟುಕೊಳ್ಳಿ. ಆದರೆ ಅನ್ನ, ದಾಲ್ ಒಯ್ದು ರಾತ್ರಿ ಹನ್ನೊಂದಕ್ಕೆ ತಿನ್ನೋಣ ಅಂತ ಮುಚ್ಚಿಡಬೇಡಿ. ಒಳಗಿನವರೇ 4 ಗಂಟೆ ಆದಮೇಲೆ ಎಸೆಯುವುದನ್ನು ನೀವು ಇಟ್ಟುಕೊಂಡು ತಿನ್ನುವುದು ಯಾಕೆ? ಬಂದರಿನಲ್ಲಿ ಇಳಿಯುವಾಗ ಹಡಗಿನ ಹಣ್ಣು, ಊಟ ಏನನ್ನೂ ಚೀಲದಲ್ಲಿ ಹಾಕಿಕೊಂಡು ಇಳಿಯಬೇಡಿ, ಅದಕ್ಕೆ ಆಯಾ ದೇಶದ ಕಾನೂನು ಅಡ್ಡ ಬರುತ್ತದೆ.

ಅವಲಕ್ಕಿ, ಚಕ್ಕುಲಿ ವಿಷಯ. ಅಂಗಡಿಯಲ್ಲಿ ಸೀಲ್ ಮಾಡಿದ ಒಣ ತಿಂಡಿಗೆ ಬಹುಪಾಲು ಕಂಪನಿಗಳು ಬೇಡ ಅನ್ನುವುದಿಲ್ಲ. ಮನೆಯಲ್ಲಿ ಮಾಡಿ ಡಬ್ಬಿಗೆ ತುಂಬಿದ್ದು ಅಂದರೆ ತಕರಾರು ಬರಬಹುದು. ಅಮ್ಮನ ಕೈಯ ಚಕ್ಕುಲಿಗಿಂತ ಅಂಗಡಿಯ ಚಕ್ಕುಲಿ ಒಯ್ಯುವುದು ಬೇಜಾರಿನ ವಿಷಯವೇ, ಆದರೆ ಎಕ್ಸ್‌ರೇ ಮೆಷಿನ್ ಮುಂದೆ ವಾದ ಮಾಡುತ್ತಾ ನಿಲ್ಲುವುದು ತಪ್ಪುತ್ತದೆ. ಬಿಸಿ ನೀರು ಹಾಕಿದರೆ ತಯಾರಾಗುವ ಉಪ್ಪಿಟ್ಟು, ಅವಲಕ್ಕಿ ಕಪ್‌ಗಳು ಈಗ ಎಲ್ಲಾ ಕಡೆ ಸಿಗುತ್ತವೆ. ರಾತ್ರಿ ಹನ್ನೊಂದರ ಹಸಿವಿಗೆ ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಗೊತ್ತಿಲ್ಲ. ಕಪ್ ಹಿಡಿದುಕೊಂಡು ಬಿಸಿ ನೀರಿನ ಮೂಲೆಗೆ ಹೋಗಿ, ನೀರು ಹಾಕಿ, ಮುಚ್ಚಳ ಮುಚ್ಚಿ, ಕೋಣೆಗೆ ಬಂದರೆ ಅಷ್ಟರಲ್ಲಿ ಉಪ್ಪಿಟ್ಟು ಅರಳಿರುತ್ತದೆ. ಜೊತೆಗೆ ಒಂದು ಚಟ್ನಿಪುಡಿ ಪ್ಯಾಕೆಟ್.

ಕೆಟಲ್ ಮಾತ್ರ ಬೇಡ. ಕಾಯಿಸುವ ಯಾವ ಸಾಮಾನನ್ನೂ, ಇಸ್ತ್ರಿ ಪೆಟ್ಟಿಗೆಯನ್ನೂ ಸೇರಿಸಿ, ಹಡಗಿಗೆ ಬಿಡುವುದಿಲ್ಲ. ಸಮುದ್ರದ ನಡುವೆ ಬೆಂಕಿ ಅಂದರೆ ಎಲ್ಲಕ್ಕಿಂತ ದೊಡ್ಡ ಭಯ. ಹತ್ತುವಾಗಲೇ ಕಿತ್ತಿಟ್ಟುಕೊಂಡು ಇಳಿಯುವ ದಿನ ಕೊಡುತ್ತಾರೆ. ಏಷ್ಯಾದಿಂದ ಹೊರಡುವ ಕೆಲವು ಹಡಗುಗಳಲ್ಲಿ ಕೋಣೆಯಲ್ಲೇ ಕಂಪನಿಯದ್ದೇ ಕೆಟಲ್ ಇರುತ್ತದೆ, ಇದೆಯಾ ಅಂತ ಮೊದಲೇ ವಿಚಾರಿಸಿ.

ಇನ್ನೊಂದು ಎಚ್ಚರಿಕೆ, ಇದು ಹಡಗಿನದ್ದಲ್ಲ, ಸಿಂಗಾಪುರದ್ದು. ಗಸಗಸೆ ಅಲ್ಲಿ ನಿಷಿದ್ಧ ವಸ್ತು. ಮಾದಕ ವಸ್ತುವಿನ ಕಾನೂನಿನಡಿ ಬರುತ್ತದೆ. ಗಸಗಸೆ ಉದುರಿಸಿದ ಕಜ್ಜಾಯ, ಅತ್ರಾಸ, ಗಸಗಸೆ ಹಾಕಿದ ಮಸಾಲೆಪುಡಿ ಯಾವುದನ್ನೂ ಚೀಲಕ್ಕೆ ಹಾಕಬೇಡಿ. ಅಮ್ಮ ‘ಇಷ್ಟೇ ಇಷ್ಟು ತಾನೇ’ ಅಂದರೂ ಬೇಡ. ಚೂಯಿಂಗ್ ಗಮ್ ಕೂಡ ಬೇಡ.

ಹಸಿವು ಕಾಡುವ ಹೊತ್ತು ರಾತ್ರಿ ಮಾತ್ರ ಅಲ್ಲ. ಹತ್ತುವ ದಿನವೂ ಹಾಗೇ. ಬೆಂಗಳೂರಿನಿಂದ ರಾತ್ರಿ ವಿಮಾನ ಹತ್ತಿ ಬೆಳಿಗ್ಗೆ ಸಿಂಗಾಪುರದಲ್ಲಿ ಇಳಿಯುವವರು ನಿದ್ದೆಗೆಟ್ಟಿರುತ್ತಾರೆ. ಹಡಗು ಹತ್ತಿದ ಮೇಲೆ ‘ಮೊದಲು ಕೋಣೆ, ಸ್ನಾನ, ಆಮೇಲೆ ಊಟ’ ಅಂತ ಹೊರಟರೆ ಮೂರೂವರೆ ಆಗಿ ಬಫೆ ಮುಚ್ಚಿರುತ್ತದೆ. ಸ್ನಾನ ಆಮೇಲಿರಲಿ, ಚೀಲ ಹೆಗಲಿಗೆ ಹಾಕಿಕೊಂಡೇ ನೇರ ಬಫೆಗೆ ಹೋಗಿ. ಫುಕೆಟ್‌ನಲ್ಲಿ ದೊಡ್ಡ ಹಡಗುಗಳು ಸಾಮಾನ್ಯವಾಗಿ ದೂರದಲ್ಲೇ ಲಂಗರು ಹಾಕಿ ಚಿಕ್ಕ ದೋಣಿಗಳಲ್ಲಿ ದಡ ಮುಟ್ಟಿಸುತ್ತವೆ. ವಾಪಸ್ ಬರುವಾಗ ಆ ದೋಣಿಯ ಸಾಲು ಉದ್ದ ಇರುತ್ತದೆ, ಮಧ್ಯಾಹ್ನದ ಊಟ ತಪ್ಪುತ್ತದೆ. ಜೊತೆಗೆ ಥಾಯ್ಲೆಂಡ್ ಸಮಯ ಸಿಂಗಾಪುರಕ್ಕಿಂತ ಒಂದು ಗಂಟೆ ಹಿಂದೆ. ಫೋನು ತಾನಾಗೇ ಬದಲಾಗಬಹುದು, ಹಡಗಿನ ಗಡಿಯಾರ ಬದಲಾಗದೇ ಇರಬಹುದು. ಊಟಕ್ಕೂ, ಹಡಗು ಹೊರಡುವುದಕ್ಕೂ ಹಡಗಿನವರು ಹೇಳಿದ ಸಮಯವೇ ಲೆಕ್ಕ. ಅಪ್ಪನ ಕೈಗೆ ಮಾಮೂಲಿ ಮುಳ್ಳಿನ ಗಡಿಯಾರ ಕಟ್ಟಿ, ಹಡಗಿನ ಸಮಯ ಇಡಿ. ಪೆನಾಂಗ್‌ನಲ್ಲಿ ಈ ತಾಪತ್ರಯ ಇಲ್ಲ. ಹಡಗು ಜಾರ್ಜ್ ಟೌನ್ ಊರಿಗೇ ಬಂದು ನಿಲ್ಲುತ್ತದೆ, ಅಲ್ಲಿನ ಲಿಟ್ಲ್ ಇಂಡಿಯಾ ನಡೆದು ಹೋಗುವಷ್ಟು ಹತ್ತಿರ. ಇಡ್ಲಿ, ದೋಸೆ, ಬಾಳೆಎಲೆ ಊಟ ಅಲ್ಲೇ ಮುಗಿಸಿ ಬನ್ನಿ.

ಮೊದಲ ರಾತ್ರಿ ಊಟದ ಹಾಲ್‌ನಲ್ಲಿ ಒಂದು ಕೆಲಸ ಮಾಡಿ. ಹೆಡ್ ವೇಟರನ್ನು ಮೇಜಿನ ಹತ್ತಿರ ಕರೆಸಿ, ಇಬ್ಬರು ಮೊಟ್ಟೆಯೂ ತಿನ್ನುವುದಿಲ್ಲ, ಒಬ್ಬರಿಗೆ ಸಕ್ಕರೆ ಕಾಯಿಲೆ ಅಂತ ಹೇಳಿ. ನಾಳೆಯ ಮೆನು ಇವತ್ತೇ ತೋರಿಸಿ ಅಂತ ಕೇಳಿ. ಪಟ್ಟಿಯಲ್ಲಿ ಇಲ್ಲದಿದ್ದರೂ ಬಿಳಿ ಅನ್ನ, ಸಾದಾ ಮೊಸರು, ಬೇಯಿಸಿದ ತರಕಾರಿ, ದಾಲ್ ಒಂದು ದಿನ ಮೊದಲು ಹೇಳಿದರೆ ಸಿಗುತ್ತದೆ. ಹಡಗಿನ ಅಡುಗೆಮನೆಯಲ್ಲಿ ಭಾರತದ ಅಡುಗೆಯವರು ಇದ್ದೇ ಇರುತ್ತಾರೆ. ಎಲ್ಲರೂ ಕೇಳುವ ಕೊನೇ ರಾತ್ರಿ ಕೇಳಬೇಡಿ, ಮೊದಲ ರಾತ್ರಿಯೇ ಕೇಳಿ. ಊಟದ ಕೊನೆಯಲ್ಲಿ ಮೊಸರನ್ನ ಉಂಡು ಎದ್ದರೆ ಹನ್ನೊಂದರ ಹಸಿವು ಅರ್ಧ ಅಲ್ಲೇ ತಪ್ಪಿತು.

ಬೇರೆ ಹಡಗಿನಲ್ಲಿ ಹೋಗುವ ಓದುಗರಿಗೂ ಒಂದೆರಡು ಮಾತು. ಕಾರ್ನಿವಲ್ ಹಡಗುಗಳು ರಾತ್ರಿಯ ಪಿಜ್ಜಾಕ್ಕೆ, ಡಿಸ್ನಿ ಹಡಗುಗಳು ಉಚಿತ ರೂಮ್ ಸರ್ವಿಸ್‌ಗೆ ಹೆಸರುವಾಸಿ. ಎಂಎಸ್‌ಸಿ ಕಂಪನಿಯ ಹಡಗುಗಳಲ್ಲಿ ಬಫೆ ಬೇರೆಯವರಿಗಿಂತ ಜಾಸ್ತಿ ಹೊತ್ತು ತೆರೆದಿರುತ್ತದೆ. ಮುಂಬೈನಿಂದ ಗೋವಾ, ಲಕ್ಷದ್ವೀಪದ ಕಡೆ ಹೋಗುವ ಕಾರ್ಡೇಲಿಯಾದಲ್ಲಿ ಜೈನ ಊಟವೂ ಸಿಗುತ್ತದೆ, ಗಡಿಯಾರವೂ ನಮ್ಮದೇ. ಹಿರಿಯರಿಗೆ ಮೊದಲ ಕ್ರೂಸ್ ಅದೇ ಆದರೆ ಸುಲಭ. ಯುರೋಪಿನ ನದಿಗಳಲ್ಲಿ ಹೋಗುವ ಚಿಕ್ಕ ಹಡಗುಗಳಲ್ಲಿ ಮಾತ್ರ 24 ಗಂಟೆ ಅಂತ ಏನೂ ಇರುವುದಿಲ್ಲ. ಬೆಳಗಿನ ಜಾವ ಕಾಫಿ-ಬನ್, ರಾತ್ರಿ ಹತ್ತೂವರೆಯ ಸುಮಾರಿಗೆ ಒಂದು ಸಣ್ಣ ತಿಂಡಿ, ಅಷ್ಟೇ. ಅಲ್ಲಿಗೆ ಉಪ್ಪಿಟ್ಟಿನ ಕಪ್ ಇನ್ನೂ ನಾಲ್ಕು ಜಾಸ್ತಿ ಒಯ್ಯಿರಿ.

ಇಳಿಯುವ ದಿನ ಬೆಳಿಗ್ಗೆ ಎಲ್ಲವೂ ಬೇಗ. ಬಫೆ ಬೇಗ ಶುರುವಾಗಿ ಬೇಗ ಮುಚ್ಚುತ್ತದೆ, ಕೋಣೆಗೆ ತಿಂಡಿ ತರುವುದನ್ನು ಅವತ್ತು ಬಹಳಷ್ಟು ಹಡಗುಗಳು ನಿಲ್ಲಿಸಿರುತ್ತವೆ. ಅಪ್ಪನಿಗಾಗಿ ಹಿಂದಿನ ರಾತ್ರಿಯೇ ಬಾಳೆಹಣ್ಣು, ಬ್ರೆಡ್ ಎತ್ತಿಡಿ, ಇಳಿಯುವ ಮುಂಚೆ ಕೋಣೆಯಲ್ಲೇ ತಿಂದು ಮುಗಿಸಲಿ. ನಿಮ್ಮ ವಿಮಾನ ರಾತ್ರಿ ಇದ್ದರೆ ಸಾಮಾನನ್ನು ಎಲ್ಲಾದರೂ ಇಟ್ಟು ಸೆರಂಗೂನ್ ರಸ್ತೆಗೆ ಹೋಗಿ. ನಮ್ಮ ಬೆಂಗಳೂರಿನ ಎಂಟಿಆರ್‌ನವರ ಹೋಟೆಲು 2013ರಿಂದ ಅಲ್ಲಿದೆ. ರವೆ ಇಡ್ಲಿಯೂ ಸಿಗುತ್ತದೆ, ನಾಲ್ಕು ದಿನದಿಂದ ತಪ್ಪಿಹೋಗಿದ್ದ ಫಿಲ್ಟರ್ ಕಾಫಿಯೂ ಸಿಗುತ್ತದೆ.